ನ್ಯೂಟ್ರಲ್ ಐಶ್ಯಾಡೋ ಪ್ಯಾಲೆಟ್: ಕಲಬುರಗಿಯ ಬೆಳಕಿನಲ್ಲಿ, ಬಿಸಿಲಿನಲ್ಲಿ ಪರೀಕ್ಷಿಸುವ ಬಗೆ

ಕಂದು, ತಿಳಿಗಂದು, ಕೆನೆಬಣ್ಣ, ಇಟ್ಟಿಗೆಗೆಂಪು ಮತ್ತು ಒಂದೆರಡು ಹೊಳೆಯುವ ಬಣ್ಣಗಳನ್ನು ಜೋಡಿಸಿಟ್ಟ ನ್ಯೂಟ್ರಲ್ ಐಶ್ಯಾಡೋ ಪ್ಯಾಲೆಟ್ಟನ್ನು, ಅಂದರೆ ರೆಪ್ಪೆಗೆ ಹಚ್ಚುವ ಬಣ್ಣದ ಪುಡಿಗಳ ಡಬ್ಬಿಯನ್ನು, ಅಂಗಡಿಯಲ್ಲಿ ಕೈಗೆತ್ತಿಕೊಂಡವರ ಬೆರಳು ಮೊದಲು ಹೋಗುವುದು ಬಂಗಾರದ ಹೊಳಪಿನ ಕಡೆಗೆ. ಆ ಹೊಳಪು ಅಗ್ಗದ ಪ್ಯಾಲೆಟ್ಟಿನಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಅಲ್ಲಿ ಬಹುಪಾಲು ಕೆಲಸವನ್ನು ಅಭ್ರಕವೇ ಮಾಡಿಬಿಡುತ್ತದೆ. ತಯಾರಕರ ಕುಶಲತೆ ಗೊತ್ತಾಗುವುದು ಹೊಳಪಿಲ್ಲದ, ಅಂದರೆ ಮ್ಯಾಟ್ ಆದ, ನಡುವಿನ ಕಂದು ಬಣ್ಣದಲ್ಲಿ. ಕಚೇರಿ, ಕಾಲೇಜು, ಲಗ್ನ ಎಲ್ಲದಕ್ಕೂ ಬಳಕೆಯಾಗಿ ಮೊದಲು ತಳ ಕಾಣುವುದೂ ಅದೇ. ಆದ್ದರಿಂದ ಹೊಸ ಪ್ಯಾಲೆಟ್ಟನ್ನು ಪರೀಕ್ಷಿಸುವವರು ಆ ಒಂದು ಬಣ್ಣದಿಂದ ಆರಂಭಿಸಬೇಕು ಮತ್ತು ಅದನ್ನು ತಮ್ಮದೇ ರೆಪ್ಪೆಯ ಮೇಲೆ, ತಮ್ಮ ಊರಿನ ಬೆಳಕಿನಲ್ಲಿ ಮತ್ತು ಸೆಕೆಯಲ್ಲಿ ನೋಡಬೇಕು.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಿಗೆ ಹೋಗುವುದಾದರೆ ಹಗಲು ಹೊತ್ತಿನಲ್ಲಿಯೇ ಹೋಗುವುದು ಒಳ್ಳೆಯದು. ಗಾಜಿನ ಕಪಾಟಿನ ಹಳದಿ ದೀಪದ ಕೆಳಗೆ ಎಲ್ಲ ಕಂದುಗಳೂ ಬೆಚ್ಚಗೆ ಕಾಣುತ್ತವೆ, ಬಿಳಿ ಎಲ್‌ಇಡಿ ದೀಪದ ಕೆಳಗೆ ಅವೇ ಬಣ್ಣಗಳು ತುಸು ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತವೆ. ಎರಡನ್ನೂ ನಂಬದೆ ಅಂಗಡಿಯ ಬಾಗಿಲಿಗೆ ಬಂದು, ನೇರ ಬಿಸಿಲು ಬೀಳದ ಕಡೆ ನಿಂತು ನೋಡಬೇಕು. "ಇದು ಎಲ್ಲಾರಿಗೂ ಒಪ್ತದ್ರಿ ಅಕ್ಕಾರ" ಎಂಬ ಮಾತನ್ನು ನಗುತ್ತಲೇ ಕೇಳಿಸಿಕೊಂಡು, ಹಚ್ಚಿ ನೋಡಲೆಂದು ತೆರೆದಿಟ್ಟ ಡಬ್ಬಿ, ಅಂದರೆ ಟೆಸ್ಟರ್, ಇದ್ದರೆ ಅದರ ಮ್ಯಾಟ್ ಕಂದನ್ನು ಮುಂಗೈಯ ಒಳಬದಿಗೆ ಒಂದೇ ಬಾರಿ, ಒತ್ತದೆ, ಎಳೆಯಿರಿ. ಅದೇ ಗೆರೆಯ ಮೇಲೆ ಎರಡನೆಯ ಬಾರಿ ಎಳೆದಾಗ ಬಣ್ಣ ಸಮನಾಗಿ ಗಾಢವಾದರೆ ಒಳ್ಳೆಯ ಲಕ್ಷಣ. ಅಲ್ಲಲ್ಲಿ ಕಿತ್ತುಬಂದು ತೇಪೆಯಂತೆ ಕಂಡರೆ ರೆಪ್ಪೆಯ ಮೇಲೂ ಹಾಗೆಯೇ ಆಗುತ್ತದೆ. ಅನಂತರ ಬಣ್ಣ ಹತ್ತದ ಬೆರಳಿನಿಂದ ಗೆರೆಯ ಒಂದು ಅಂಚನ್ನು ಮೆಲ್ಲನೆ ತೀಡಿ ನೋಡಿರಿ. ಅಂಚು ಕ್ರಮೇಣ ತೆಳುವಾಗುತ್ತ ಚರ್ಮದಲ್ಲಿ ಕರಗಬೇಕೇ ಹೊರತು ಒಮ್ಮೆಗೇ ಅಳಿಸಿಹೋಗಬಾರದು. ಟೆಸ್ಟರನ್ನು ಮಾತ್ರ ಯಾವ ಕಾರಣಕ್ಕೂ ಕಣ್ಣಿಗೆ ಹಚ್ಚಿಕೊಳ್ಳಬಾರದು. ಹಲವರ ಬೆರಳು ಮುಟ್ಟಿದ ಪುಡಿಯಿಂದ ಕಣ್ಣುಬೇನೆ ಹರಡಬಹುದು.

ಡಬ್ಬಿಯ ಹಿಂಬದಿಯನ್ನು ಓದುವ ಅಭ್ಯಾಸವೂ ಇರಲಿ. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ, ಬಳಕೆಯ ಕೊನೆಯ ದಿನಾಂಕ ಇವೆಲ್ಲ ಇರಬೇಕೆಂದು 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಹೆಸರಾಂತ ಬ್ರ್ಯಾಂಡಿನ ಹೆಸರು ಹೊತ್ತು ಕಾಲು ಭಾಗದ ಬೆಲೆಗೆ ಸಿಗುವ ಪ್ಯಾಲೆಟ್ಟಿನಲ್ಲಿ ಇವುಗಳಲ್ಲಿ ಒಂದಲ್ಲ ಒಂದು ಕಾಣೆಯಾಗಿರುವುದೇ ಹೆಚ್ಚು, ಕಣ್ಣಿನ ವಿಷಯದಲ್ಲಿ ಅಂಥ ಉಳಿತಾಯ ಬೇಡ.

ಇನ್ನು ಬಣ್ಣದ ಆಯ್ಕೆ. ಈ ಕಂದುಗಳೆಲ್ಲ ಬಹುಮಟ್ಟಿಗೆ ಹಳದಿ, ಕೆಂಪು, ಕಪ್ಪು ಎಂಬ ಮೂರು ಬಗೆಯ ಕಬ್ಬಿಣದ ಆಕ್ಸೈಡುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ಮಾಡಿದವು. ಬಣ್ಣವನ್ನು ತಿಳಿಯಾಗಿಸಲು ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ತೊಂದರೆ ಇರುವುದು ಈ ಬಿಳಿಯಲ್ಲಿ. ಗೋದಿಬಣ್ಣದ ಅಥವಾ ಕಪ್ಪು ಮೈಬಣ್ಣದವರ ರೆಪ್ಪೆಯ ಮೇಲೆ ಬಿಳಿ ಹೆಚ್ಚಾದ ಕೆನೆಬಣ್ಣವನ್ನು ಹಚ್ಚಿದರೆ, ರೊಟ್ಟಿ ತಟ್ಟಿದ ಕೈಯನ್ನು ತೊಳೆಯದೆ ಕಣ್ಣು ಒರೆಸಿಕೊಂಡು ಜೋಳದ ಹಿಟ್ಟು ಹತ್ತಿದಂತೆ ಕಾಣುತ್ತದೆ. ತುಂಬ ಬೆಳ್ಳಗಿನವರಿಗೆಂದು ಯೋಜಿಸಿದ ಪ್ಯಾಲೆಟ್ಟುಗಳಲ್ಲಿ ರೆಪ್ಪೆಯ ಮಡಿಕೆಗೆ ಹಚ್ಚಲು ಕೊಟ್ಟ ತಿಳಿಗಂದು ನಮ್ಮಲ್ಲಿ ಅನೇಕರ ಮೈಬಣ್ಣವೇ ಆಗಿರುವುದರಿಂದ, ಎಷ್ಟು ಹಚ್ಚಿದರೂ ಅದು ಕಾಣಿಸುವುದಿಲ್ಲ. ನಡುವಿನ ಬಣ್ಣವು ನಿಮ್ಮ ರೆಪ್ಪೆಗಿಂತ ಒಂದೆರಡು ಛಾಯೆ ಗಾಢವಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ಹಳದಿ ಛಾಯೆಯ ಮೈಬಣ್ಣದವರಿಗೆ ಕ್ಯಾರಮೆಲ್ ಮತ್ತು ಇಟ್ಟಿಗೆಗೆಂಪು, ಗುಲಾಬಿ ಛಾಯೆಯವರಿಗೆ ಹಳದಿಯಂಶ ಕಡಿಮೆಯಿರುವ ತಂಪಾದ ಕಂದು ಒಪ್ಪುತ್ತವೆ ಎಂಬುದು ಸಾಮಾನ್ಯ ನಿಯಮ. ಬೂದು ಬೆರೆತ ಕಂದನ್ನು ಮಾತ್ರ ಕಣ್ಣಿನ ಸುತ್ತ ಸಹಜವಾಗಿಯೇ ಕಪ್ಪಿರುವವರು ದೂರವಿಡುವುದು ಲೇಸೆಂದು ನನ್ನ ಅಭಿಪ್ರಾಯ. ಅದು ಆಯಾಸದ ಗುರುತನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಮನೆಗೆ ತಂದ ಪ್ಯಾಲೆಟ್ಟನ್ನು ಅದೇ ಸಂಜೆ ಕಣ್ಣಿಗೆ ಹಚ್ಚುವ ಅವಸರ ಬೇಡ. ಒಂದು ಮ್ಯಾಟ್ ಮತ್ತು ಒಂದು ಹೊಳಪಿನ ಬಣ್ಣವನ್ನು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಹಚ್ಚಿ 24ರಿಂದ 48 ಗಂಟೆ ಕಾದು, ತುರಿಕೆ ಅಥವಾ ಕೆಂಪು ಕಾಣದಿದ್ದರೆ ಮುಂದುವರಿಯಬಹುದು. ಸುರ್ಮಾ ಹಚ್ಚುವ ರೂಢಿ ಉಳ್ಳ ಮನೆಗಳು ನಮ್ಮ ಊರಿನಲ್ಲಿ ಸಾಕಷ್ಟಿವೆ. ಸಾಂಪ್ರದಾಯಿಕ ಸುರ್ಮಾದಲ್ಲಿ ಸೀಸದ ಸಲ್ಫೈಡ್ ಇರುವ ಸಾಧ್ಯತೆ ಇರುವುದರಿಂದ ಅದನ್ನು ಎಂದಿಗೂ ಬಳಸದಿರುವುದೇ ಕ್ಷೇಮ. ಪರೀಕ್ಷೆಯ ದಿನಗಳಲ್ಲಿಯಂತೂ ಸುರ್ಮಾ, ಹೊಸ ಕಾಡಿಗೆ ಯಾವುದೂ ಬೇಡ, ಕಣ್ಣು ಉರಿದರೆ ಕಾರಣ ಯಾವುದೆಂದು ತಿಳಿಯದೆ ಹೋಗುತ್ತದೆ.

ಹಚ್ಚುವಾಗ ಎರಡು ಬ್ರಷ್ ಸಾಕು: ಮಡಿಕೆಗೆ ಮೆತ್ತನೆಯ, ಸಡಿಲ ಕೂದಲಿನ ಒಂದು ಮತ್ತು ರೆಪ್ಪೆಗೆ ಚಪ್ಪಟೆಯಾದ ಒಂದು. ಪ್ಯಾಲೆಟ್ಟಿನ ಜೊತೆ ಬರುವ ಸ್ಪಂಜಿನ ಕಡ್ಡಿಯನ್ನು ಬದಿಗಿಡಿ, ಅದು ಬಣ್ಣವನ್ನು ಹರಡುವುದಕ್ಕಿಂತ ಒಂದೆಡೆ ಮೆತ್ತುವುದೇ ಹೆಚ್ಚು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಲೆನ್ಸ್ ಹಾಕಿಕೊಂಡು ಅನಂತರ ಬಣ್ಣಕ್ಕೆ ಕೈಹಾಕಬೇಕು. ಒಂದು ರೆಪ್ಪೆಗೆ ಪ್ರೈಮರ್ (ಬಣ್ಣ ಹಿಡಿದು ನಿಲ್ಲಲು ಮೊದಲು ಹಚ್ಚುವ ತಳಪದರ) ಅಥವಾ ತೆಳುವಾಗಿ ಕನ್ಸೀಲರ್ (ಕಲೆ ಮರೆಮಾಡುವ ಕ್ರೀಮು) ಹಚ್ಚಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡರ ನಡುವಿನ ವ್ಯತ್ಯಾಸವೇ ಮುಂದೆ ಎಲ್ಲವನ್ನೂ ಹೇಳುತ್ತದೆ. ಮ್ಯಾಟ್ ಕಂದನ್ನು ಬ್ರಷ್ಷಿನ ತುದಿಗೆ ಮಾತ್ರ ತೆಗೆದುಕೊಂಡು, ಡಬ್ಬಿಯ ಅಂಚಿಗೆ ತಟ್ಟಿ ಹೆಚ್ಚುವರಿ ಪುಡಿಯನ್ನು ಉದುರಿಸಿ, ಕನ್ನಡಿಯನ್ನು ನೇರವಾಗಿ ನೋಡುತ್ತ, ಕಣ್ಣಿನ ಹೊರಮೂಲೆಯಿಂದ ಆರಂಭಿಸಿ ರೆಪ್ಪೆಯ ಮಡಿಕೆಯ ಗುಂಟ ಹಿಂದಕ್ಕೂ ಮುಂದಕ್ಕೂ ಹಗುರವಾಗಿ ಆಡಿಸಬೇಕು. ರೆಪ್ಪೆಯ ಮೇಲಿನ ಚರ್ಮ ಮಡಿಕೆಯನ್ನು ಮುಚ್ಚುವಂತಿದ್ದರೆ, ಬಣ್ಣವನ್ನು ಮಡಿಕೆಗಿಂತ ಸ್ವಲ್ಪ ಮೇಲೆ ಹಚ್ಚಬೇಕು, ಇಲ್ಲವಾದರೆ ಕಣ್ಣು ತೆರೆದಾಗ ಅದು ಒಳಗೆ ಅಡಗಿಹೋಗುತ್ತದೆ. ಬ್ರಷ್ಷನ್ನು ಒತ್ತಿದಷ್ಟೂ ಗೆರೆ ಮೂಡುತ್ತದೆ. ಹಿಡಿಕೆಯ ತುದಿಯನ್ನು ಹಿಡಿದರೆ ಕೈ ತಾನಾಗಿಯೇ ಹಗುರವಾಗುತ್ತದೆ.

ಕಡುಗಂದನ್ನು ಹೊರಮೂಲೆಗೆ ಮತ್ತು ರೆಪ್ಪೆಗೂದಲಿನ ಬುಡಕ್ಕೆ ಚೂರೇ ಚೂರು ಹಚ್ಚಿ ಅಂಚನ್ನು ಮೊದಲಿನ ಬಣ್ಣದೊಂದಿಗೆ ಬೆರೆಸಿರಿ. ಪರೀಕ್ಷೆಯ ನಿಜವಾದ ಘಟ್ಟ ಇದು. ಒಳ್ಳೆಯ ಪ್ಯಾಲೆಟ್ಟಿನಲ್ಲಿ ಎರಡು ಕಂದುಗಳು ಸೇರಿದ ಮೇಲೂ ಬೇರೆ ಬೇರೆಯಾಗಿ ಗುರುತಿಗೆ ಸಿಗುತ್ತವೆ. ಸಾಧಾರಣದಲ್ಲಿ ಅವು ಒಂದೇ ರಾಡಿಯಾಗಿ ಬಿಡುತ್ತವೆ, ಆಗ ಹನ್ನೆರಡು ಬಣ್ಣಗಳಿಗೆ ಹಣ ಕೊಟ್ಟು ಎರಡೋ ಮೂರೋ ಬಣ್ಣ ಕೊಂಡಂತಾಗುತ್ತದೆ. ಹೊಳಪಿನ ಬಣ್ಣಕ್ಕೆ ಬ್ರಷ್ಷಿಗಿಂತ ಬೆರಳು ಮೇಲು. ಬೆರಳಿನ ಬಿಸಿಗೆ ಅದು ಚೆನ್ನಾಗಿ ಅಂಟುತ್ತದೆ. ರೆಪ್ಪೆಯ ನಡುವೆ ಮೆತ್ತಗೆ ಒತ್ತಿ, ಉಜ್ಜಬೇಡಿ. ಕೆನ್ನೆಯ ಮೇಲೆ ಎಷ್ಟು ಪುಡಿ ಉದುರಿದೆ ಎಂಬುದನ್ನೂ ಗಮನಿಸಿರಿ. ಉದುರುವ ಪ್ಯಾಲೆಟ್ ಆದರೆ ಮುಖದ ಫೌಂಡೇಷನ್ನನ್ನು ಕಣ್ಣು ಮುಗಿದ ಮೇಲೆ ಹಚ್ಚುವುದು ಜಾಣತನ.

ಇಷ್ಟಾದ ಮೇಲೆ ಹೊರಗೆ ಹೋಗಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಬಿಸಿಲು, ಡಬ್ಬಿಯ ಮೇಲೆ ಬರೆದ "ದಿನವಿಡೀ ಉಳಿಯುತ್ತದೆ" ಎಂಬ ಮಾತಿಗೆ ತಕ್ಕ ಪರೀಕ್ಷೆ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿ, ದಿನದ ಕೆಲಸವನ್ನು ಎಂದಿನಂತೆ ಮಾಡುತ್ತ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಕಿಟಕಿಯ ಬಳಿ ಕನ್ನಡಿ ಹಿಡಿದು ಎರಡೂ ಕಣ್ಣುಗಳನ್ನು ಹೋಲಿಸಿರಿ. ನಮ್ಮ ಬೇಸಿಗೆ ಒಣಗಾಳಿಯದಾದರೂ ಬೆವರು ಮತ್ತು ರೆಪ್ಪೆಯ ಎಣ್ಣೆಯಂಶ ಸೇರಿ ಪುಡಿಯನ್ನು ಮಡಿಕೆಯಲ್ಲಿ ಗೆರೆಯಾಗಿ ಕೂಡಿಸುತ್ತವೆ. ಪ್ರೈಮರ್ ಇಲ್ಲದ ಕಣ್ಣಿನಲ್ಲಿ ಮಾತ್ರ ಗೆರೆ ಕಂಡರೆ ಪ್ಯಾಲೆಟ್ಟಿನ ತಪ್ಪಿಲ್ಲ, ಪ್ರೈಮರ್ ಹಚ್ಚಿಯೇ ಬಳಸಿದರಾಯಿತು. ಎರಡೂ ಕಣ್ಣುಗಳಲ್ಲಿ ಗೆರೆ ಮೂಡಿದರೆ ಪ್ರೈಮರನ್ನು ಇನ್ನೂ ತೆಳುವಾಗಿ ಹಚ್ಚಿ, ಅದರ ಮೇಲೆ ಕಾಂಪ್ಯಾಕ್ಟ್ ಪುಡಿಯನ್ನು ಸವರಿ ಮತ್ತೊಮ್ಮೆ ನೋಡಬೇಕು. ಆಗಲೂ ಹಾಗೆಯೇ ಆದರೆ ಆ ಪ್ಯಾಲೆಟ್ಟನ್ನು ಚಳಿಗಾಲಕ್ಕೆ ಎತ್ತಿಡಬಹುದು. ಗೆರೆಯಿಲ್ಲದೆ ಬಣ್ಣ ಬರಿದೇ ಮಾಸಿದ್ದರೆ ಅದು ಸಣ್ಣ ದೋಷ, ಸಂಜೆಗೆ ಒಮ್ಮೆ ಬ್ರಷ್ ಆಡಿಸಿದರೆ ಸರಿಹೋಗುತ್ತದೆ.

ಲಗ್ನಕ್ಕೆಂದೇ ಕೊಂಡವರು ಕತ್ತಲೆಯಾದ ಮೇಲೆ ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡಿಕೊಳ್ಳಬೇಕು. ಬಿಳಿ ಹೆಚ್ಚಿರುವ ಬಣ್ಣವನ್ನು ಹುಬ್ಬಿನ ಕೆಳಗೆ ಧಾರಾಳವಾಗಿ ಹಚ್ಚಿದ್ದರೆ ಅದು ಅಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ರಾತ್ರಿ ಬಣ್ಣ ತೆಗೆಯುವಾಗ ಹತ್ತಿಗೆ ಮೈಸೆಲ್ಲರ್ ವಾಟರ್ (ಮೇಕಪ್ ತೆಗೆಯುವ ದ್ರವ) ಅಥವಾ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಕೆಲವು ಸೆಕೆಂಡು ಇಟ್ಟು ಕೆಳಮುಖವಾಗಿ ಒರೆಸಿರಿ. ತೆಗೆದ ಮೇಲೂ ರೆಪ್ಪೆಯಲ್ಲಿ ಕೆಂಪು ಛಾಯೆ ಉಳಿದಿದ್ದರೆ ಅದು ಬಣ್ಣದ ಕಲೆಯೋ ಚರ್ಮದ ಉರಿಯೋ ಎಂಬುದನ್ನು ಮರುದಿನ ಬೆಳಿಗ್ಗೆ ಖಚಿತಪಡಿಸಿಕೊಂಡ ಮೇಲೆಯೇ ಮತ್ತೆ ಹಚ್ಚಬೇಕು. ಬ್ರಷ್ಷುಗಳನ್ನು ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆದು, ತುದಿ ಕೆಳಗಾಗುವಂತೆ ಇಳಿಜಾರಾಗಿಟ್ಟು ಒಣಗಿಸಿ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಚಿಕ್ಕ ಭರಣಿಯ ಚಿತ್ರದೊಳಗೆ 12ಎಂ ಅಥವಾ 24ಎಂ ಎಂದು ಇದ್ದರೆ, ತೆರೆದ ದಿನದಿಂದ ಅಷ್ಟು ತಿಂಗಳು ಬಳಸಬಹುದು ಎಂದು ಅರ್ಥ. ತೆರೆದ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ತಳಕ್ಕೆ ಅಂಟಿಸಿಡಿ.