ಎಐಗೆ ನಮ್ಮ ನಿಯಮ ಕಲಿಸೋದು ಹೇಗೆ?

ಅಪಾರ್ಟ್‌ಮೆಂಟ್ ನೋಟಿಸ್ ಬರೆಯೋಕೆ ಚಾಟ್‌ಜಿಪಿಟಿ, ಜೆಮಿನೈ ಬಳಸುವವರಿಗೆ ಒಂದು ಸಲಹೆ. ನಮ್ಮ ಪದ್ಧತಿ ಅದಕ್ಕೆ ಗೊತ್ತಿರಲ್ಲ, ನಾವೇ ಹೇಳಿಕೊಡಬೇಕು. ಕೋಡಿಂಗ್ ಬೇಡ, ಕನ್ನಡದಲ್ಲೇ ಹೇಳಿದರೆ ಸಾಕು.

ಬರೀ ನಿಯಮ ಸಾಲದು. ವಿನಾಯಿತಿ, ಕಾರಣ ಎರಡೂ ಇರಲಿ. ಉದಾಹರಣೆಗೆ, "ಮೇಂಟೆನೆನ್ಸ್ 10ನೇ ತಾರೀಖಿನೊಳಗೆ ಕಟ್ಟಬೇಕು. ಅವತ್ತು ಭಾನುವಾರವಾದರೆ ಸೋಮವಾರದವರೆಗೆ ಸಮಯ. ಖಾಲಿ ಮನೆಗೆ ಟ್ಯಾಂಕರ್ ದುಡ್ಡು ಇಲ್ಲ, ಯಾಕೆಂದರೆ ಅಲ್ಲಿ ನೀರು ಬಳಸುವವರಿಲ್ಲ." ಕಾರಣ ಹೇಳಿದ್ದರೆ, ನೀವು ಹೇಳದ ಸಂದರ್ಭದಲ್ಲೂ ಸರಿಯಾದ ಉತ್ತರ ಬರುವ ಸಾಧ್ಯತೆ ಜಾಸ್ತಿ. ಆಮೇಲೆ "ಅರ್ಥವಾಯ್ತಾ?" ಅಂತ ಮಾತ್ರ ಕೇಳಬೇಡಿ, ಸುಮ್ನೆ ಹೂಂ ಅನ್ನುತ್ತದೆ! ಬದಲಿಗೆ ಪರೀಕ್ಷೆ ಕೊಡಿ: "ತಿಂಗಳ ಮಧ್ಯೆ ಮನೆ ಖಾಲಿ ಮಾಡಿದವರು ಟ್ಯಾಂಕರ್ ದುಡ್ಡು ಕಟ್ಟಬೇಕಾ?" ತಪ್ಪಿದರೆ ಅಲ್ಲೇ ತಿದ್ದಿ.

ಹೀಗೆ ಕಂಪ್ಯೂಟರ್‌ಗೆ ಮಾತಿನಲ್ಲೇ ಕಲಿಸೋದು ಹಳೇ ಕನಸು. 1970ರ ಸುಮಾರಿಗೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಟೆರಿ ವಿನೋಗ್ರಾಡ್ ಎಂಬ ಸಂಶೋಧಕ ಬರೆದ ಪ್ರೋಗ್ರಾಂ ಒಂದಿತ್ತು. ಎರಡು ಹಸಿರು ಘನ, ಒಂದು ಪಿರಮಿಡ್ ಪೇರಿಸಿದರೆ ಗೋಪುರ ಅಂತ ಇಂಗ್ಲಿಷಿನಲ್ಲಿ ಹೇಳಿಕೊಟ್ಟರೆ, ಕೇಳಿದಾಗ ಪರದೆಯ ಮೇಲೆ ಕಟ್ಟಿ ತೋರಿಸುತ್ತಿತ್ತು. ಆದರೆ ಅದರ ಪ್ರಪಂಚವೆಲ್ಲ ಬರೀ ಆಟದ ದಿಮ್ಮಿಗಳು.

ಇನ್ನೊಂದು ವಿಷಯ. ಚಾಟ್‌ನಲ್ಲಿ ಹೇಳಿದ್ದು ಸಾಮಾನ್ಯವಾಗಿ ಆ ಚಾಟ್‌ಗೇ ಸೀಮಿತ. ಹಳೇ ಮಾತು ನೆನಪಿಡುವ ಮೆಮೊರಿ ಸೌಲಭ್ಯ ಇದ್ದರೂ ಎಲ್ಲವೂ ಉಳಿಯುತ್ತೆ ಅಂತಿಲ್ಲ. ಹಾಗಾಗಿ ನಿಯಮಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಹೊಸ ಚಾಟ್ ಶುರು ಮಾಡುವಾಗ ಪೇಸ್ಟ್ ಮಾಡಿ. ಅದರಲ್ಲಿ ಯಾರ ಫೋನ್ ನಂಬರ್, ಬಾಕಿ ಲೆಕ್ಕ ಹಾಕಬೇಡಿ.