ಹೆಸರು ಬೆಳೆಯಲ್ಲಿ ಹಳದಿ ಎಲೆ: ನಂಜು ರೋಗವೋ, ಗೊಬ್ಬರದ ಕೊರತೆಯೋ?

ಮುಂಗಾರಿನ ಹೆಸರು ಬಿತ್ತಿ ಎರಡು ವಾರ ಆಯಿತು ಅಂದರೆ ಎರಡು ದಿನಕ್ಕೊಮ್ಮೆಯಾದರೂ ಹೊಲ ಸುತ್ತಿ. ಬದುವಿನ ಮೇಲೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸಾಲಿನೊಳಗೆ ಕೂತು ನೋಡಬೇಕು.

ಮೊದಲು ತುದಿಯ ಎಳೆ ಎಲೆ ನೋಡಿ. ಹಳದಿ ನಂಜು ರೋಗ, ಅಂದರೆ ವೈರಸ್‌ನಿಂದ ಬರುವ ರೋಗ, ಅಲ್ಲೇ ಕಾಣಿಸಿಕೊಳ್ಳುತ್ತದೆ. ಅರಿಶಿನ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ, ಆದರೆ ಉಜ್ಜಿದರೆ ಹೋಗುವುದಿಲ್ಲ. ಆಮೇಲೆ ಬರುವ ಎಲೆಗಳಲ್ಲಿ ಈ ಚುಕ್ಕೆಗಳು ಕೂಡಿಕೊಂಡು, ಇಲ್ಲಿ ಹಸಿರು ಅಲ್ಲಿ ಹಳದಿ ಅಂತ ತೇಪೆ ತೇಪೆ ಆಗಿ, ಕೊನೆಗೆ ಇಡೀ ಎಲೆಯೇ ಹಳದಿಯಾಗುತ್ತದೆ.

ತಪ್ಪಾಗುವುದು ಇಲ್ಲೇ. ಒಂದು ವರ್ಷ ನಾನು ಇದನ್ನು ಪೋಷಕಾಂಶದ ಕೊರತೆ ಅಂದುಕೊಂಡು ಹತ್ತು ದಿನ ಕಳೆದೆ, ಅಷ್ಟರಲ್ಲಿ ರೋಗ ಅರ್ಧ ಹೊಲಕ್ಕೆ ಹಬ್ಬಿತ್ತು. ಕಬ್ಬಿಣದ ಕೊರತೆ ಇದ್ದರೆ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಒಂದೇ ಸಮ ಹಳದಿಯಾಗುತ್ತದೆ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೇ ಎಲೆ ಮೊದಲು ಬಿಳಿಚಿಕೊಳ್ಳುತ್ತದೆ. ನೀರು ನಿಂತಿದ್ದರೆ ತಗ್ಗಿನ ಗಿಡಗಳೆಲ್ಲ ಒಟ್ಟಿಗೆ ಹಳದಿ. ನಂಜು ಹಾಗಲ್ಲ, ಶುರುವಿನಲ್ಲಿ ಇಲ್ಲೊಂದು ಗಿಡ ಅಲ್ಲೊಂದು ಗಿಡ, ಪಕ್ಕದ್ದು ಹಚ್ಚಗೆ ಚೆನ್ನಾಗಿಯೇ ಇರುತ್ತದೆ.

ಅನುಮಾನ ಇದ್ದರೆ ಬೆಳಗ್ಗೆ ಬೇಗ ಹೋಗಿ ಎಲೆಯನ್ನು ಮೆಲ್ಲಗೆ ಮಗುಚಿ. ಈ ರೋಗ ಹರಡುವುದು ಬಿಳಿ ನೊಣ. ಉದ್ದ ಬರೀ ಒಂದು ಮಿಲಿಮೀಟರ್‌ನಷ್ಟು, ಎಲೆಯ ಅಡಿಯಲ್ಲಿ ರಸ ಹೀರುತ್ತಾ ಕೂತಿರುತ್ತದೆ, ಬಿಸಿಲು ಏರಿದ ಮೇಲೆ ಗಿಡ ಮುಟ್ಟಿದರೆ ಸಾಕು ಹಾರಿಬಿಡುತ್ತದೆ. ಒಂದೂ ಕಾಣಲಿಲ್ಲ ಅಂತ ರೋಗ ಇಲ್ಲ ಅನ್ನಬೇಡಿ, ಅದು ಕಚ್ಚಿ ಹೋಗಿ ಎಷ್ಟೋ ದಿನ ಆದ ಮೇಲೆ ಚುಕ್ಕೆ ಬರುವುದು. ಕಾಯಿ ಹಿಡಿಯುವ ಹೊತ್ತಿಗೆ ರೋಗದ ಗಿಡದಲ್ಲಿ ಕಾಯಿ ಕಡಿಮೆ, ಇರುವವೂ ಗಿಡ್ಡ, ಹಳದಿ, ಕೆಲವು ಮೇಲಕ್ಕೆ ಸುರುಳಿ, ಒಳಗಿನ ಕಾಳು ಸಣ್ಣ. ಅಲ್ಲಿಯವರೆಗೆ ಕಾಯಲೇಬೇಡಿ.

ರೋಗ ತಗುಲಿದ ಗಿಡಕ್ಕೆ ಔಷಧಿ ಇಲ್ಲ. ಹೊಡೆಯುವ ಔಷಧಿ ನೊಣಕ್ಕೆ ಮಾತ್ರ. ಹಾಗಾಗಿ ಮೊದಲ ಒಂದು ತಿಂಗಳಲ್ಲಿ ಕಂಡ ಗಿಡವನ್ನು ಬೇರು ಸಮೇತ ಕಿತ್ತುಬಿಡಿ, ಅಲ್ಲಲ್ಲಿ ಹಳದಿ ಅಂಟು ಬಲೆ (ನೊಣ ಬಂದು ಅಂಟಿಕೊಳ್ಳುವ ಹಳದಿ ಹಾಳೆ) ನೆಡಿ, ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಎಲೆಯ ಅಡಿಗೆ ತಾಗುವ ಹಾಗೆ ಸಿಂಪಡಿಸಿ. ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು ಸಾಲೆಲ್ಲ ಓಡಾಡಬೇಡಿ, ನೊಣ ಪಕ್ಕದ ಗಿಡಕ್ಕೆ ಹಾರುತ್ತದೆ ಅಲ್ವಾ? ಚೀಲ ಜೊತೆಗೇ ಒಯ್ದು, ಅಲ್ಲೇ ತುಂಬಿ, ಬಾಯಿ ಕಟ್ಟಿ, ಹೊಲದ ಆಚೆ ಹೂತುಹಾಕಿ.