ದುರ್ಗದ ಎತ್ತರಕ್ಕೆ ಟೊಮೆಟೊ ಬಾಟಲಿ: ನಾನು ಮಾಡುವ ಕ್ರಮ

ಉಪ್ಪಿನಕಾಯಿಯನ್ನು ಉಪ್ಪು, ಎಣ್ಣೆ ಕಾಯುತ್ತವೆ. ವರ್ಷಕ್ಕಾಗುವಂತೆ ಬಾಟಲಿಗೆ ತುಂಬಿ ಮುಚ್ಚಿಡುವ ಟೊಮೆಟೊಗೆ ಅವೆರಡೂ ಇಲ್ಲ. ಇರುವುದು ಹುಳಿ ಮತ್ತು ಕುದಿ ಮಾತ್ರ. ಎರಡರಲ್ಲೂ ಕಂಜೂಸಿ ಮಾಡಬಾರದು.

ಹಿರಿಯೂರು, ಚಳ್ಳಕೆರೆ ಕಡೆಯ ಹಣ್ಣು ಸಂತೆಯಲ್ಲಿ ಅಗ್ಗವಾದಾಗ ಐದು ಕೆಜಿ ತರುತ್ತೇನೆ. 400 ಎಂಎಲ್‌ನ ಎಂಟೊಂಬತ್ತು ಬಾಟಲಿ ತುಂಬುತ್ತವೆ. ಗಟ್ಟಿ ಹಣ್ಣೇ ಬೇಕು. ಬಿರಿದದ್ದು, ಮೆತ್ತಗಾದದ್ದು ಅವತ್ತಿನ ಸಾರಿಗೆ. ಜವಾರಿಯ ರುಚಿ ಚೆಂದ, ಆದರೆ ನೀರು ಜಾಸ್ತಿ. ತಿರುಳು ದಪ್ಪಗಿರುವ ಹೈಬ್ರಿಡ್ಡೇ ಬಾಟಲಿಗೆ ಒಗ್ಗುತ್ತದೆ.

ಕುದಿನೀರಲ್ಲಿ ಒಂದು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ತೊಟ್ಟಿನ ಗಟ್ಟಿ ಭಾಗ ತೆಗೆದು ನಾಲ್ಕು ಹೋಳು ಮಾಡಿ. ಎಲ್ಲವನ್ನೂ ಜಜ್ಜಿಟ್ಟು ಆಮೇಲೆ ಒಲೆ ಹಚ್ಚಿದರೆ ಹಣ್ಣಿನ ಕಿಣ್ವ ತಿರುಳನ್ನು ಗಟ್ಟಿಯಾಗಿ ಹಿಡಿಯುವ ಪೆಕ್ಟಿನ್ ಒಡೆದುಬಿಡುತ್ತದೆ. ಬಾಟಲಿಯ ತಳದಲ್ಲಿ ತಿಳಿನೀರು, ಮೇಲೆ ತೇಲುವ ತಿರುಳು. ಕೆಟ್ಟಿರುವುದಿಲ್ಲ, ನೋಡಲು ಮಾತ್ರ ಬೇಜಾರು. ಅದಕ್ಕೇ ಕಾಲು ಭಾಗ ಹೋಳನ್ನು ಜೋರು ಉರಿಯಲ್ಲಿ ಜಜ್ಜುತ್ತಾ ಕುದಿಸಿ, ಕುದಿ ನಿಲ್ಲದ ಹಾಗೆ ಉಳಿದದ್ದನ್ನು ಸೇರಿಸುತ್ತಾ ಹೋಗುತ್ತೇನೆ. ಕೊನೆಗೆ ಐದು ನಿಮಿಷ ಮೆಲ್ಲಗೆ ಕುದಿದರೆ ಸಾಕು.

ನಾಲಿಗೆಗೆ ಹುಳಿ ಅನಿಸಿದರೂ ಟೊಮೆಟೊದ ಪಿಎಚ್ (ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ) 4.6ರ ಆಚೀಚೆ ಓಲಾಡುತ್ತದೆ. ಅದನ್ನು ಮೀರಿದರೆ ಗಾಳಿಯಿಲ್ಲದ ಬಾಟಲಿಯಲ್ಲಿ ಬೊಟುಲಿಸಂ ಎಂಬ ಜೀವಕ್ಕೇ ಕುತ್ತಾದ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಾಣು ಬರೀ ಕುದಿಗೆ ಸಾಯುವಂಥದ್ದಲ್ಲ. ಆದ್ದರಿಂದ ಪ್ರತಿ ಬಾಟಲಿಯ ತಳಕ್ಕೆ ಮೊದಲೇ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್. ನಿಂಬೆಹಣ್ಣಿನ ಹುಳಿ ಒಂದೊಂದರಲ್ಲಿ ಒಂದೊಂದು ಥರ, ನಂಬಿಕೆ ಸಾಲದು. ಬೆಳ್ಳುಳ್ಳಿ, ಈರುಳ್ಳಿ, ಒಗ್ಗರಣೆ ಯಾವುದೂ ಒಳಗೆ ಬೇಡ; ತೆರೆದ ಮೇಲೆ ಹಾಕಿಕೊಳ್ಳಿ. ಅವರೆಕಾಳು, ಬೀನ್ಸಿಗೆ ಈ ವಿಧಾನ ಖಂಡಿತ ಸಲ್ಲ.

ಬಿಸಿ ಬಾಟಲಿಗೆ ಬಿಸಿ ತಿರುಳು. ಮೇಲೆ ಅರ್ಧ ಇಂಚು ಖಾಲಿ ಬಿಡಿ, ಮರದ ಕಡ್ಡಿ ಆಡಿಸಿ ಗುಳ್ಳೆ ಬಿಡಿಸಿ, ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಚಿಗೆ ಒಂದು ಬೀಜ ಅಂಟಿದ್ದರೂ ಮುಚ್ಚಳ ಕೂರುವುದಿಲ್ಲ. ಮುಚ್ಚಳ ಹೊಸದೇ ಇರಲಿ. ಜಾಮ್ ಬಾಟಲಿಯ ಹಳೇ ಮುಚ್ಚಳದ ರಬ್ಬರು ಆಗಲೇ ಒತ್ತಿ ಸವೆದಿರುತ್ತದೆ.

ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಬಾಟಲಿ ಇಡಿ, ಮುಚ್ಚಳದ ಮೇಲೆ ಒಂದಿಂಚು ಬಿಸಿನೀರು ನಿಲ್ಲಲಿ. ನಮ್ಮ ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎರಡು ಚಮಚ ವಿನೆಗರ್ ಹಾಕಿದರೆ ಹೊಳಪು ಉಳಿಯುತ್ತದೆ. ಬಾಟಲಿ ಕುದಿಸುವ ಹೊತ್ತು ಸಮುದ್ರಮಟ್ಟದ ಲೆಕ್ಕದಲ್ಲಿ 35 ನಿಮಿಷ ಅಂತಿರುತ್ತದೆ. ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರ, ದಾವಣಗೆರೆ ಸುಮಾರು 600. ದುರ್ಗದಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಶಾಖ ಕಡಿಮೆಯಾದ್ದರಿಂದ ಎರಡೂ ಊರಿಗೆ 40 ನಿಮಿಷ, ಅದೂ ನೀರು ಮಳ್ಳಿದ ಮೇಲಿನ ಲೆಕ್ಕ. ನಡುವೆ ಕುದಿ ನಿಂತರೆ ಮತ್ತೆ ಮೊದಲಿಂದ.

ಒಲೆ ಆರಿಸಿ ಐದು ನಿಮಿಷ ಬಿಟ್ಟು, ನೆಟ್ಟಗೆ ಎತ್ತಿ, ಬಟ್ಟೆಯ ಮೇಲೆ ದೂರ ದೂರ ಇಡಿ. ಬರೀ ಕಟ್ಟೆಕಲ್ಲಿನ ಮೇಲಿಟ್ಟರೆ ಗಾಜು ಸಿಡಿಯುತ್ತದೆ. ಆರುತ್ತಾ ಒಂದೊಂದೇ ಮುಚ್ಚಳ 'ಟಕ್' ಅಂತ ಒಳಕ್ಕೆ ಬೀಳುತ್ತದೆ. ಈ ಕೆಲಸದ ಖುಷಿಯೆಲ್ಲ ಆ ಸದ್ದಿನಲ್ಲಿದೆ. ಬೆಳಕಿಗೆ ಹಿಡಿದರೆ ಕೆಂಪಿನೊಳಗೆ ಹಳದಿ ಬೀಜ ತೂಗಿನಿಂತಿರುತ್ತವೆ.

ಮರುದಿನ ಮುಚ್ಚಳದ ನಡು ಒತ್ತಿ ನೋಡಿ. ಟಪಟಪ ಅಂದರೆ ಅದು ಫ್ರಿಜ್ಜಿಗೆ, ಆ ವಾರದ ಗೊಜ್ಜಿಗೆ. ಕೂತಿದ್ದರೆ ದಿನಾಂಕ ಬರೆದು ಕತ್ತಲಲ್ಲಿಡಿ, ವರ್ಷ ಬರುತ್ತದೆ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಚಿಮ್ಮಿದರೆ ರುಚಿ ನೋಡುವ ಮಾತೇ ಬೇಡ, ಬಾಟಲಿ ಸಮೇತ ಎಸೆಯಿರಿ.